ಗೆದ್ದ ನೆಲ, ಒಡೆದ ಮನೆ

ಮೊನ್ನೆ ಇತಿಹಾಸದ ಅಧ್ಯಾಪಕರಾಗಿದ್ದ ಹಿರಿಯ ಮಿತ್ರರೊಬ್ಬರು ಅಮೆರಿಕದ ಅಧ್ಯಕ್ಷ ಜೇಮ್ಸ್ ಪೋಕ್‌ನನ್ನು ಬಾಯ್ತುಂಬ ಹೊಗಳಿದರು. ನಾಲ್ಕೇ ವರ್ಷ ಅಧಿಕಾರದಲ್ಲಿದ್ದು, ದೇಶವನ್ನು ಶಾಂತಸಾಗರದ ತೀರದವರೆಗೆ ಬೆಳೆಸಿ, ಎರಡನೆಯ ಸಲ ಚುನಾವಣೆಗೆ ನಿಲ್ಲದೆ ಮನೆಗೆ ಹೋದ ಮಹಾನುಭಾವನಂತೆ ಆತ. ಗುಲಾಮಗಿರಿಯ ಜಗಳ ಬೇರೆಯೇ ಅಧ್ಯಾಯ, ಅದನ್ನು ಎಬ್ಬಿಸಿದವರು ಉತ್ತರದ ಹಟಮಾರಿ ಸುಧಾರಕರು ಎಂದೂ ಸೇರಿಸಿದರು. ಅವರ ಮನೆಯ ಕಾಫಿ ಕುಡಿಯುತ್ತ ಎದುರಾಡಲಾರದೆ ಅಂದು ಸುಮ್ಮನಿದ್ದೆ. ಇಲ್ಲಿ ಆ ದಾಕ್ಷಿಣ್ಯವಿಲ್ಲ. ಆ ಎರಡು ಅಧ್ಯಾಯಗಳನ್ನು ಬೇರೆಮಾಡಿದವರು ಪಠ್ಯಪುಸ್ತಕ ಬರೆದವರು. ಜನ ಅನುಭವಿಸಿದ್ದು ಒಂದೇ ಅಧ್ಯಾಯವನ್ನು.

1820ರ ಮಿಸ್ಸೌರಿ ಒಪ್ಪಂದದಲ್ಲಿ, ಫ್ರಾನ್ಸಿನಿಂದ ಕೊಂಡ ಲೂಸಿಯಾನದ ನೆಲಕ್ಕೆ ಒಂದು ಗೆರೆ ಎಳೆದಿದ್ದರು. 36 ಡಿಗ್ರಿ 30 ಮಿನಿಟು ಅಕ್ಷಾಂಶದಿಂದ ಉತ್ತರಕ್ಕೆ, ಮಿಸ್ಸೌರಿಯೊಂದನ್ನು ಬಿಟ್ಟು, ಗುಲಾಮಗಿರಿ ಕೂಡದು. ಅದೇನೂ ಧರ್ಮದ ಗೆರೆಯಲ್ಲ. ಅದರ ದಕ್ಷಿಣದಲ್ಲಿ ಮನುಷ್ಯರನ್ನು ಹರಾಜು ಹಾಕುತ್ತಲೇ ಇದ್ದರು. ಆದರೂ ಹೊಸ ನೆಲ ಸೇರದಷ್ಟು ದಿನ ಎರಡು ಕಡೆಯವರೂ ಹೇಗೋ ಸಂಸಾರ ತೂಗಿಸಬಹುದಾಗಿತ್ತು. ಮೆಕ್ಸಿಕೊ 1829ರಲ್ಲಿಯೇ ಗುಲಾಮಗಿರಿಯನ್ನು ರದ್ದುಮಾಡಿತ್ತು. ಅದರಿಂದ ಸಿಡಿದುಹೋದ ಟೆಕ್ಸಸ್ ತನ್ನ ಸಂವಿಧಾನದಲ್ಲಿಯೇ ಅದಕ್ಕೆ ರಕ್ಷಣೆ ಕೊಟ್ಟುಕೊಂಡು, 1845ರಲ್ಲಿ ಅಮೆರಿಕವನ್ನು ಸೇರಿತು. ಮರುವರ್ಷ ಪೋಕ್ ಮಹಾಶಯ ನ್ಯೂಸೆಸ್ ಮತ್ತು ರಿಯೊ ಗ್ರಾಂಡೆ ನದಿಗಳ ನಡುವಣ ತಕರಾರಿನ ನೆಲಕ್ಕೆ ಸೈನ್ಯ ಕಳಿಸಿ, ಚಕಮಕಿ ನಡೆದೊಡನೆ, ನಮ್ಮ ನೆಲದಲ್ಲಿ ನಮ್ಮವರ ರಕ್ತ ಬಿತ್ತೆಂದು ಕೂಗಿ ಯುದ್ಧ ಸಾರಿಸಿದ. ಆ ರಕ್ತ ಬಿದ್ದ ಜಾಗವಾದರೂ ಯಾವುದೆಂದು 1847ರಲ್ಲಿ ಕಾಂಗ್ರೆಸ್ಸಿನಲ್ಲಿ ಕೇಳಿದ ಹೊಸ ಸದಸ್ಯನ ಹೆಸರು ಅಬ್ರಹಾಂ ಲಿಂಕನ್.

ಇನ್ನು ಜಗಳ ಎಬ್ಬಿಸಿದವರ ಮಾತು. ಯುದ್ಧಕ್ಕೆ ಮೂರು ತಿಂಗಳು ತುಂಬುವ ಮೊದಲೇ, 1846ರ ಆಗಸ್ಟ್ 8ರಂದು, ಸಂಧಾನದ ವೆಚ್ಚಕ್ಕೆಂದು ಪೋಕ್ 20 ಲಕ್ಷ ಡಾಲರು ಕೇಳಿದ. ಪೆನ್ಸಿಲ್ವೇನಿಯದ ಡೇವಿಡ್ ವಿಲ್ಮಟ್ ಆ ಮಸೂದೆಗೆ ಒಂದು ಷರತ್ತು ತಗುಲಿಸಿದ: ಮೆಕ್ಸಿಕೊದಿಂದ ಪಡೆಯುವ ನೆಲದಲ್ಲಿ ಗುಲಾಮಗಿರಿ ಇರಕೂಡದು. ಈತ ಪೋಕ್‌ನ ಪಕ್ಷದವನೇ! ಕರಿಯರ ಮೇಲಿನ ಮರುಕದಿಂದ ಹೀಗೆ ಮಾಡಿದನೆ? ಇಲ್ಲ, ಬಿಳಿಯ ದುಡಿಮೆಗಾರರಿಗೆ ನೆಲ ಉಳಿಯಲೆಂದು ಮಾಡಿದ್ದಾಗಿ ಆತನೇ ಹೇಳಿಕೊಂಡಿದ್ದಾನೆ. ನನ್ನ ಮಿತ್ರರ ಹಟಮಾರಿ ಸುಧಾರಕರು ಇಲ್ಲಿ ಎಲ್ಲಿ ಬಂದರು? ಮತ ಎಣಿಸಿದಾಗ ಪಕ್ಷಭೇದ ಅಳಿಸಿ ಉತ್ತರ–ದಕ್ಷಿಣವೆಂಬ ಭೇದವೇ ಎದ್ದು ಕಂಡಿತು. ಕೆಳಮನೆ ಒಪ್ಪಿದ್ದನ್ನು ಸೆನೆಟ್ ಒಪ್ಪಲಿಲ್ಲ. ದಕ್ಷಿಣದ ಕ್ಯಾಲ್‌ಹೂನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ: ಗೆದ್ದ ನೆಲ ಎಲ್ಲ ರಾಜ್ಯಗಳ ಸಮಾನ ಸ್ವತ್ತು, ಗುಲಾಮನೊಡನೆ ಅಲ್ಲಿಗೆ ಹೋಗುವವನನ್ನು ತಡೆಯಲು ಕಾಂಗ್ರೆಸ್ಸಿಗೆ ಅಧಿಕಾರವೇ ಇಲ್ಲ! ಅಲ್ಲಿಗೆ 1820ರ ಗೆರೆಯ ಬುಡವೇ ಅಲುಗಿತು.

1848ರ ಫೆಬ್ರವರಿಯಲ್ಲಿ ಒಂದೂವರೆ ಕೋಟಿ ಡಾಲರು ಕೊಟ್ಟು ಐದು ಲಕ್ಷ ಚದರ ಮೈಲಿಗೂ ಮಿಕ್ಕ ನೆಲವನ್ನು ಬರೆಸಿಕೊಂಡರು. ಅದೆಲ್ಲ ಮರಳುಗಾಡು, ಹತ್ತಿ ಬೆಳೆಯದ ಕಡೆ ಗುಲಾಮನಿಗೇನು ಕೆಲಸ, ಜಗಳವೇ ಹುಸಿ ಎನ್ನುವ ವಾದವೊಂದುಂಟು. ಹತ್ತಿ ಬೆಳೆಯದ ಯೂಟಾ 1852ರಲ್ಲಿ ಗುಲಾಮಗಿರಿಗೆ ಕಾನೂನಿನ ಆಸರೆ ಕೊಟ್ಟಿತು. ನ್ಯೂ ಮೆಕ್ಸಿಕೊ 1859ರಲ್ಲಿ ಗುಲಾಮರ ಸಂಹಿತೆಯನ್ನೇ ರಚಿಸಿತು. ಹುಸಿ ಜಗಳಕ್ಕೆ ಯಾರಾದರೂ ಕಾಯಿದೆ ಬರೆಯುತ್ತಾರೆಯೆ? ಪೋಕ್ ತಾನೇ ಅಧ್ಯಕ್ಷನಾಗಿದ್ದಾಗಲೂ ಮಿಸ್ಸಿಸಿಪ್ಪಿಯ ತನ್ನ ಹತ್ತಿ ತೋಟಕ್ಕೆ ಗುಟ್ಟಾಗಿ ಗುಲಾಮರನ್ನು ಕೊಂಡು ಕಳಿಸುತ್ತಿದ್ದ. ಹೊಗಳುವವರು ಈ ಲೆಕ್ಕವನ್ನೂ ಒಮ್ಮೆ ನೋಡಬೇಕು.

ಚಿನ್ನ ಸಿಕ್ಕಿದ ಕ್ಯಾಲಿಫೋರ್ನಿಯ ಸ್ವತಂತ್ರ ರಾಜ್ಯವಾಗಿ ಬರುತ್ತೇನೆಂದಾಗ ದಕ್ಷಿಣದ ಬಾಯಿ ಮುಚ್ಚಿಸಲು 1850ರಲ್ಲಿ ಓಡಿಹೋದ ಗುಲಾಮರ ಕಾಯಿದೆ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಿಕ್ಕಿಬಿದ್ದವನಿಗೆ ಜ್ಯೂರಿಯಿಲ್ಲ, ತನ್ನ ಪರ ತಾನೇ ಸಾಕ್ಷಿ ಹೇಳುವಂತಿಲ್ಲ. ಒಡೆಯನಿಗೆ ಒಪ್ಪಿಸಿದರೆ ಕಮಿಷನರಿಗೆ 10 ಡಾಲರು ಶುಲ್ಕ, ಬಿಟ್ಟರೆ 5. 1854ರಲ್ಲಿ ಕ್ಯಾನ್ಸಸ್–ನೆಬ್ರಾಸ್ಕ ಕಾಯಿದೆ ಹಳೆಯ ಗೆರೆಯನ್ನು ಅಳಿಸಿತು, 1857ರಲ್ಲಿ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಕ್ಯಾಲ್‌ಹೂನನ ವಾದವನ್ನೇ ತೀರ್ಪಾಗಿಸಿತು, 1861ರಲ್ಲಿ ತೋಪು ಹಾರಿತು. ಆರು ಲಕ್ಷಕ್ಕೂ ಮೀರಿ ಜನ ಸತ್ತರು. ಮೆಕ್ಸಿಕೊದಲ್ಲಿ ಕಿರಿಯ ಅಧಿಕಾರಿಯಾಗಿ ಕಾದಾಡಿ, ಅಂತರ್ಯುದ್ಧವನ್ನು ಗೆದ್ದುಕೊಟ್ಟ ಜನರಲ್ ಗ್ರಾಂಟನೇ ತನ್ನ ಆತ್ಮಕಥೆಯಲ್ಲಿ ಎರಡನೆಯ ಯುದ್ಧಕ್ಕೆ ಮೊದಲನೆಯದೇ ಬಹುಮಟ್ಟಿಗೆ ಕಾರಣವೆಂದಿದ್ದಾನೆ. ನನ್ನ ಮಿತ್ರರು ನನ್ನನ್ನು ನಂಬದಿದ್ದರೆ ಬೇಡ, ಅವನನ್ನಾದರೂ ನಂಬಲಿ.

ಆ ಕಾಯಿದೆಗೆ ಸಿಕ್ಕಿದವರಲ್ಲಿ ಆಂಟನಿ ಬರ್ನ್ಸ್ ಒಬ್ಬ. ವರ್ಜೀನಿಯದಿಂದ ತಪ್ಪಿಸಿಕೊಂಡು ಬಾಸ್ಟನ್ ಸೇರಿದ್ದ ಇಪ್ಪತ್ತರ ತರುಣ. 1854ರ ಜೂನ್ 2ರಂದು ಬೀದಿಯ ಇಕ್ಕೆಲದಲ್ಲೂ ಸೈನಿಕರನ್ನು ನಿಲ್ಲಿಸಿ, ಊರಿನವರು ಛೀಮಾರಿ ಹಾಕುತ್ತಿರಲು, ಅವನನ್ನು ಹಡಗಿಗೆ ನಡೆಸಿದರು. ಮರುವರ್ಷ ಬಾಸ್ಟನ್ನಿನವರು ಹಣ ಕೂಡಿಸಿ ಬಿಡಿಸಿಕೊಂಡರು. ಓದಿ ಪಾದ್ರಿಯಾಗಿ, ಕೆನಡಕ್ಕೆ ಹೋಗಿ, 1862ರಲ್ಲಿ ಅಲ್ಲಿಯೇ ತೀರಿಕೊಂಡ.