ಸಣ್ಣ ಗುಂಡು ಸಾಧುವಲ್ಲ

“ಅಳಿಲು, ಮೊಲ ಹೊಡೆಯೋದಕ್ಕೆ ಮ್ಯಾಗ್ನಮ್ ಯಾಕೆ ಸ್ವಾಮಿ? ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗಾಯ್ತು.”

ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ನಡುವೆ ಬೇಟೆಯ ಮಾತು ಬರುವುದೇ ಅಪರೂಪ. ಬಂದರೂ ಹೆಚ್ಚುಕಡಿಮೆ ಇಲ್ಲಿಗೆ ಬಂದು ನಿಲ್ಲುತ್ತದೆ. ಹೇಳುವವರಲ್ಲಿ ಅರ್ಧ ಜನ ಸಸ್ಯಾಹಾರಿಗಳು, ಉಳಿದರ್ಧ ಕೋಳಿ ಅಂಗಡಿಯಿಂದಾಚೆ ಹೋಗದವರು. ಸೋಜಿಗವೆಂದರೆ ಅಲ್ಲಿನ ಪಳಗಿದ ಶಿಕಾರಿಗಳಲ್ಲೂ ಅನೇಕರು ಇದನ್ನೇ ಹೇಳುತ್ತಾರೆ. ಅಜ್ಜನ ಕಾಲದಿಂದ .22 ಲಾಂಗ್ ರೈಫಲ್ ಸಾಕಾಗಿತ್ತು, ಸಣ್ಣ ಪ್ರಾಣಿಗೆ ಸಣ್ಣ ಗುಂಡು ಸಾಕು, ಈ ಹೊಸ ಆಡಂಬರ ಏಕೆ ಎಂದು ಅವರ ವಾದ. ಅಹಿಂಸೆಯವರೂ ಶಿಕಾರಿಯವರೂ ಒಂದೇ ಮಾತು ಆಡತೊಡಗಿದಾಗ ಅದನ್ನು ಒಪ್ಪಿಬಿಡುವುದೇ ಕ್ಷೇಮ. ಆದರೂ ಇಬ್ಬರ ಕ್ಷಮೆ ಕೋರಿ, ಈ ಮಾತು ತಪ್ಪು ಎನ್ನಬೇಕಾಗಿದೆ.

ನಾನು ಬೇಟೆಗಾರನಲ್ಲ. ಮಲೆನಾಡಿನ ಕಡೆಯವನಾದ್ದರಿಂದ ಈಡು, ಚರೆ, ತೋಟಾ, ಮರಸು ಎಂಬ ಪದಗಳು ಕಿವಿಗೆ ಬಿದ್ದಿವೆ, ಅಷ್ಟೇ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾದದ್ದು ಪೆನ್ಸಿಲ್ವೇನಿಯದ ಒಂದು ಹುಲ್ಲುಗಾವಲಿನಲ್ಲಿ, ಬೇಸಿಗೆಯ ಒಂದು ಸಂಜೆ.

ಮೊದಲು ಹೆಸರಿನ ಮಾತು ಮುಗಿಸೋಣ, ಅರ್ಧ ಗೊಂದಲ ಇರುವುದೇ ಅಲ್ಲಿ. ಮ್ಯಾಗ್ನಮ್ ಎಂದರೆ ಲ್ಯಾಟಿನ್ನಿನಲ್ಲಿ ದೊಡ್ಡದು. ದೊಡ್ಡ ಷಾಂಪೇನ್ ಬಾಟಲಿಗೆ ಇದ್ದ ಆ ಹೆಸರನ್ನು ಇಂಗ್ಲೆಂಡಿನ ಕೋವಿ ತಯಾರಕರು ದೊಡ್ಡ ತೋಟಾಕ್ಕೆ ಎತ್ತಿಕೊಂಡರು. 1971ರ ‘ಡರ್ಟಿ ಹ್ಯಾರಿ’ ಸಿನಿಮಾದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಕೈಗೆ .44 ಮ್ಯಾಗ್ನಮ್ ರಿವಾಲ್ವರ್ ಬಂದ ಮೇಲಂತೂ ಆ ಪದ ಕೇಳಿದರೆ ಗೋಡೆ ಒಡೆದುಹೋಗುವ ಚಿತ್ರವೇ ಕಣ್ಣಿಗೆ ಬರುತ್ತದೆ. ವಿಂಚೆಸ್ಟರ್ ಕಂಪನಿ 1959ರಲ್ಲಿ ತಂದ .22 ಮ್ಯಾಗ್ನಮ್‌ನ ಶಕ್ತಿ ನಳಿಗೆಯ ಬಾಯಲ್ಲಿ ಸುಮಾರು 320 ಅಡಿ-ಪೌಂಡ್. ಗುಂಡಿನ ಅಗಲದಲ್ಲಿ ಅದಕ್ಕೆ ಸಮನಾದ .223 ರೈಫಲ್ಲಿನ ಶಕ್ತಿಯಲ್ಲಿ ಇದು ಕಾಲು ಪಾಲು. ಬ್ರಹ್ಮಾಸ್ತ್ರ ಎನ್ನುವುದು ದೂರವೇ ಉಳಿಯಿತು. ‘ಹೊಸ ಆಡಂಬರ’ ಎನ್ನುವವರಿಗೂ ಒಂದು ಮಾತು: 1959ರಲ್ಲಿ ಈಗಿನ ಅಜ್ಜಂದಿರು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದರು.

ಈ ಜಾತಿಯ ತೋಟಾಕ್ಕೆ ಹುಟ್ಟಿನಿಂದಲೇ ಒಂದು ಲಗಾಮು ಇದೆ. ರಿಮ್‌ಫೈರ್‌ನಲ್ಲಿ ಕಿಡಿ ಹೊತ್ತಿಸುವ ಮದ್ದು ಹಿತ್ತಾಳೆಯ ಕೊಳವೆಯ ಬುಡದಲ್ಲಿ, ಮಡಚಿದ ಅಂಚಿನೊಳಗೆ ಇರುತ್ತದೆ. ಕೋವಿಯ ಮೊಳೆ ಆ ಅಂಚನ್ನು ಜಜ್ಜಿದರೆ ಕಿಡಿ. ಜಜ್ಜಿದಾಗ ಬಗ್ಗಬೇಕಾದರೆ ಹಿತ್ತಾಳೆ ತೆಳುವಾಗಿರಲೇಬೇಕು. ತೆಳುವಾದ ಹಿತ್ತಾಳೆ ಹೆಚ್ಚಿನ ಒತ್ತಡ ತಡೆಯುವುದಿಲ್ಲ. ಹಾಗಾಗಿ ರಿಮ್‌ಫೈರ್ ಎಷ್ಟೇ ಮ್ಯಾಗ್ನಮ್ ಎಂದು ಬೋರ್ಡು ಹಾಕಿಕೊಂಡರೂ ಮನೆಯ ಅಂಗಳ ದಾಟದ ಮಗುವಿನಂತೆ ಒಂದು ಮಿತಿಯೊಳಗೇ ಇರುತ್ತದೆ.

ಆ ಸಂಜೆಗೆ ಬರುತ್ತೇನೆ. ಮಗಳ ಮನೆಯ ಪಕ್ಕದ ರೈತ ಹುಲ್ಲು ಬೆಳೆಯುವವನು. ಅವನ ಹೊಲದ ತುಂಬ ಗ್ರೌಂಡ್‌ಹಾಗ್ ಬಿಲಗಳು. ಬೆಕ್ಕಿಗಿಂತ ದಪ್ಪ, ಗಿಡ್ಡ ಕಾಲಿನ, ನಮ್ಮ ಹೆಗ್ಗಣವನ್ನು ನಾಲ್ಕೈದು ಕಿಲೋಗೆ ಬೆಳೆಸಿದಂಥ ಪ್ರಾಣಿ. ಬಿಲದಲ್ಲಿ ಟ್ರ್ಯಾಕ್ಟರಿನ ಚಕ್ರ ಇಳಿಯುತ್ತದೆ, ದನಕುದುರೆಗಳ ಕಾಲು ಮುರಿಯುತ್ತದೆ. ಇದೇ ಪ್ರಾಣಿಗೆ ಅದೇ ರಾಜ್ಯದ ಪಂಕ್ಸುಟಾನಿ ಊರಿನಲ್ಲಿ ಪ್ರತಿ ಫೆಬ್ರವರಿ 2ರಂದು ದೊಡ್ಡ ಉತ್ಸವ. ಅದು ತನ್ನ ನೆರಳು ಕಂಡರೆ ಚಳಿ ಇನ್ನೂ ಆರು ವಾರ ಎಂದು ಲೆಕ್ಕ. ಆ ಉತ್ಸವ ಶುರುವಾದದ್ದು 1887ರಲ್ಲಿ. .22 ಲಾಂಗ್ ರೈಫಲ್ ತೋಟಾ ಹುಟ್ಟಿದ್ದೂ ಅದೇ ವರ್ಷ. ಕಾಕತಾಳೀಯವೇ ಸರಿ, ಗ್ರೌಂಡ್‌ಹಾಗ್ ಒಪ್ಪುತ್ತದೋ ಇಲ್ಲವೋ.

ರೈತ ಬೇಲಿಗೂಟದ ಮೇಲೆ ಹಳೆಯ .22 ಊರಿ ಕುಳಿತಿದ್ದ. ನೂರು ಗಜದ ಆಸುಪಾಸಿನಲ್ಲಿ, ಬಿಲದ ಬಾಯಲ್ಲಿ, ಪ್ರಾಣಿ ಎದ್ದು ನಿಂತಿತು. ಈಡು ಹಾರಿತು. ಪ್ರಾಣಿ ಒಮ್ಮೆ ಮಗುಚಿ, ಬಾಲ ಎಳೆದುಕೊಂಡು ಒಳಗೆ ಜಾರಿತು. “ತಪ್ಪಿತು” ಎಂದ. ನನಗೆ ಅನುಮಾನ. ನಡೆದು ಹೋಗಿ ನೋಡಿದೆವು. ಬಿಲದ ಬಾಯಲ್ಲಿ ಗುಡ್ಡೆ ಹಾಕಿದ ಹಸಿ ಮಣ್ಣಿನ ಮೇಲೆ ನಾಲ್ಕು ಕೂದಲು, ಕಡಲೆಕಾಳಿನಷ್ಟು ರಕ್ತ. ರೈತ ಬಗ್ಗಿ ನೋಡಿ, ಟೋಪಿ ತೆಗೆದು, ಏನೂ ಹೇಳದೆ ಮತ್ತೆ ಹಾಕಿಕೊಂಡ.

ಬಿಲದೊಳಗೆ ಆಮೇಲೆ ನಡೆಯುವುದನ್ನು ಯಾರೂ ನೋಡುವುದಿಲ್ಲ. ಒಂದು ಗಂಟೆಯೋ ಎರಡು ದಿನವೋ. ‘ಸಣ್ಣ ಗುಂಡು ಸಾಕು’ ಎನ್ನುವವರ ಲೆಕ್ಕದಲ್ಲಿ ಇದು ‘ತಪ್ಪಿದ್ದು’ ಎಂದು ಸೇರಿಕೊಳ್ಳುತ್ತದೆ, ‘ಗಾಯಗೊಂಡಿದ್ದು’ ಎಂದಲ್ಲ. ಸಣ್ಣ ಗುಂಡಿಗೆ ಸಾಧು ಎಂಬ ಹೆಸರು ಬಂದದ್ದು ಈ ಲೆಕ್ಕದ ಪುಸ್ತಕದಿಂದ ಎಂಬುದು ನನ್ನ ಗುಮಾನಿ.

ಮಾರನೆಯ ದಿನ ಅವನು ಎರಡೂ ತೋಟಾಗಳನ್ನು ನನ್ನ ಅಂಗೈ ಮೇಲಿಟ್ಟ. ಲಾಂಗ್ ರೈಫಲ್‌ನದು ಸರಿಯಾಗಿ ಒಂದು ಇಂಚು ಉದ್ದ. ಮೇಣದ ಜಿಡ್ಡು ಸವರಿದ ಬರಿಯ ಸೀಸದ ಗುಂಡು, ಬೆರಳಿಗೆ ಬೂದು ಹತ್ತುತ್ತದೆ. ಗುಂಡಿನ ಅಗಲವೂ ಹಿತ್ತಾಳೆ ಕೊಳವೆಯ ಅಗಲವೂ ಒಂದೇ, ಪೆನ್ಸಿಲ್ಲಿಗೆ ಮೊನೆ ಕೆತ್ತಿದ ಹಾಗೆ. ಮ್ಯಾಗ್ನಮ್ ಮೂರನೇ ಒಂದು ಪಾಲು ಉದ್ದ ಹೆಚ್ಚು, ಮೈ ತುಸು ದಪ್ಪ, ತಾಮ್ರದ ಅಂಗಿ ತೊಟ್ಟ ಗುಂಡು ಕೊಳವೆಯ ಒಳಗೆ ಕುಳಿತಿದೆ. ಎರಡೂ ಗುಂಡುಗಳ ತೂಕ ಸಾಮಾನ್ಯವಾಗಿ ಒಂದೇ, 40 ಗ್ರೇನ್, ಎಂದರೆ ಎರಡೂವರೆ ಗ್ರಾಮಿಗೆ ಚೂರು ಮೇಲೆ. ವ್ಯತ್ಯಾಸವೆಲ್ಲ ವೇಗದಲ್ಲಿ: ಒಂದು ಸೆಕೆಂಡಿಗೆ ಸುಮಾರು 1,250 ಅಡಿ, ಇನ್ನೊಂದು ಸುಮಾರು 1,900. ನೂರು ಗಜ ಹೋಗಿ ಸುಸ್ತಾದ ಮ್ಯಾಗ್ನಮ್ ಗುಂಡಿನಲ್ಲಿ, ಲಾಂಗ್ ರೈಫಲ್ ಗುಂಡು ನಳಿಗೆಯಿಂದ ಆಗಷ್ಟೇ ಹೊರಬಿದ್ದಾಗ ಇರುವಷ್ಟು ಶಕ್ತಿ ಉಳಿದಿರುತ್ತದೆ.

ಆದರೆ ಶಕ್ತಿಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಮ್ಯಾಗ್ನಮ್ ಪರ ಇರುವ ಗಟ್ಟಿ ವಾದ ಬೇರೆಯೇ ಇದೆ, ಅದು ಮನುಷ್ಯನ ಕಣ್ಣಿಗೆ ಸಂಬಂಧಪಟ್ಟದ್ದು. ಬಯಲಿನಲ್ಲಿ ದೂರ ಅಂದಾಜು ಮಾಡುವುದರಲ್ಲಿ ನಾವೆಲ್ಲ ದಡ್ಡರು. ನೂರು ಗಜವನ್ನು ಎಪ್ಪತ್ತೈದು ಎಂದುಕೊಳ್ಳುವುದು ಮಾಮೂಲು. 50 ಗಜಕ್ಕೆ ಗುರಿ ಕೂರಿಸಿದ ಲಾಂಗ್ ರೈಫಲ್‌ನ ಗುಂಡು 75ರಲ್ಲಿ ಎರಡು ಇಂಚು ಚಿಲ್ಲರೆ ಇಳಿಯುತ್ತದೆ, 100ರಲ್ಲಿ ಆರು ಇಂಚಿಗೂ ಮೇಲೆ. ಅಂದರೆ ಅಂದಾಜಿನ ಅಷ್ಟು ಸಣ್ಣ ತಪ್ಪಿಗೆ ನಾಲ್ಕು ಇಂಚಿನ ದಂಡ. ಗ್ರೌಂಡ್‌ಹಾಗ್‌ನ ಎದೆಗೂಡು ನಾಲ್ಕು ಇಂಚೂ ಇಲ್ಲ. ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ, ಹೊಟ್ಟೆಗೆ ಬಿದ್ದದ್ದು ಬಿಲಕ್ಕೆ ಹೋಗುತ್ತದೆ. 100 ಗಜಕ್ಕೆ ಕೂರಿಸಿದ .22 ಮ್ಯಾಗ್ನಮ್‌ನಲ್ಲಿ ಅದೇ ತಪ್ಪಿಗೆ ದಂಡ ಒಂದು ಇಂಚಿನ ಸುತ್ತಮುತ್ತ. 2002ರಲ್ಲಿ ಹಾರ್ನಡಿ ಕಂಪನಿ ಇದೇ ಕೊಳವೆಯ ಕತ್ತು ಹಿಚುಕಿ ತಯಾರಿಸಿದ .17 ಎಚ್‌ಎಂಆರ್‌ನಲ್ಲಿ ಅದೂ ಇಲ್ಲ. ಅದರ ಗುಂಡು 17 ಗ್ರೇನ್, ವೇಗ 2,550 ಅಡಿ. ನೂರು ಗಜದವರೆಗೆ ದಾರ ಹಿಡಿದಂತೆ ಹೋಗುತ್ತದೆ.

ಬ್ರಹ್ಮಾಸ್ತ್ರ ಎನ್ನುವವರಿಗೆ ಇನ್ನೊಂದು ವಿಷಯವೂ ರುಚಿಸಲಿಕ್ಕಿಲ್ಲ. ನಿಧಾನದ ಸೀಸದ ಗುಂಡು ಕಲ್ಲಿಗೋ ಗಟ್ಟಿ ನೆಲಕ್ಕೋ ಬಡಿದರೆ ಚಿಮ್ಮಿ ಎತ್ತಲೋ ಹೋಗುವ ಚಾಳಿಯದು. ಎಚ್‌ಎಂಆರ್‌ನ ತೆಳು ಅಂಗಿಯ ಗುಂಡು ಆ ವೇಗದಲ್ಲಿ ತಾಕಿದರೆ ಬಹುತೇಕ ಅಲ್ಲೇ ಚೂರಾಗುತ್ತದೆ. ಹೊಲದ ಅಂಚಿನಲ್ಲಿ ಮನೆ, ಮನೆಯ ಮುಂದೆ ಮಕ್ಕಳು ಇರುವ ಕಡೆ ಇದು ಸಣ್ಣ ಮಾತಲ್ಲ. ಹಾಗೆಂದು ಹಿಂದೆ ಮಣ್ಣಿನ ದಿಬ್ಬವಿಲ್ಲದೆ ಯಾವ ಕೋವಿಯಿಂದಲೂ ಈಡು ಹಾರಿಸುವಂತಿಲ್ಲ.

ಈಗ ನನ್ನ ಕಡೆಯ ತೂತುಗಳು. ಅಳಿಲಿನ ವಿಷಯದಲ್ಲಿ ಹಳೆಯ ಶಿಕಾರಿಗಳ ಮಾತೇ ಸರಿ. ಹಿಕರಿ ಮರದ ಮೇಲೆ ಇಪ್ಪತ್ತೈದು ಗಜದಲ್ಲಿ ಕುಳಿತ, ಅರ್ಧ ಕಿಲೋ ತೂಗುವ ಅಳಿಲಿಗೆ ಮ್ಯಾಗ್ನಮ್ ಹೊಡೆದರೆ ಸಾರಿಗೆ ಹಾಕಲು ಏನೂ ಉಳಿಯುವುದಿಲ್ಲ. ತಿನ್ನದೆ ಹೊಡೆಯುವುದು ನನ್ನ ಮಟ್ಟಿಗೆ ಬೇಟೆಯೇ ಅಲ್ಲ. ಮರದ ಕೆಳಗೆ ಲಾಂಗ್ ರೈಫಲ್, ಅದೂ ತಲೆಗೆ. ಸದ್ದಿನಲ್ಲೂ ಹಳೆಯದೇ ವಾಸಿ. ಖರ್ಚಂತೂ ಮ್ಯಾಗ್ನಮ್‌ಗೆ ಎರಡು-ಮೂರು ಪಟ್ಟು. ಆದರೆ ಈಡಿಗೊಂದು ಬೆಲೆ ಇದೆ ಎಂದು ಗೊತ್ತಿರುವವನು ಕುದುರೆ ಎಳೆಯುವ ಮುನ್ನ ಇನ್ನೊಂದು ಉಸಿರು ಕಾಯುತ್ತಾನೆ; ನಾನು ಆ ಖರ್ಚನ್ನು ದೂರುವುದಿಲ್ಲ.

ಸೀಸದ ಪ್ರಶ್ನೆ ಮಾತ್ರ ಹಗುರವಲ್ಲ. ವೇಗದ ಗುಂಡು ಚೂರಾದಾಗ ಸೀಸದ ಪುಡಿ ಮಾಂಸದಲ್ಲಿ ಹರಡುತ್ತದೆ. ಬಯಲಿನಲ್ಲೇ ಬಿಟ್ಟ ಹೆಣವನ್ನು ಹದ್ದು, ರಣಹದ್ದು ತಿಂದರೆ ವಿಷ. ಕ್ಯಾಲಿಫೋರ್ನಿಯದ ಕಾಂಡೋರ್ ರಣಹದ್ದುಗಳು ಹೀಗೇ ಸತ್ತಿವೆ; ಆ ರಾಜ್ಯ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನೇ ಪೂರ್ತಿ ನಿಷೇಧಿಸಿದೆ. ಹಾಗಾದರೆ ಮ್ಯಾಗ್ನಮ್ ಸೋತಿತೇ? ಸೀಸವಿಲ್ಲದ ಗುಂಡು ಹಗುರ. ಹಗುರದ ಗುಂಡಿಗೆ ವೇಗ ಬೇಕು. ವೇಗ ಇರುವುದು ಮ್ಯಾಗ್ನಮ್‌ನಲ್ಲಿ. ಸೀಸ ಬಿಡಲೇಬೇಕು ಎನ್ನುವ ದಿನ ಎಲ್ಲ ರಾಜ್ಯಗಳಿಗೂ ಬಂದರೆ ಹೆಚ್ಚು ಒದ್ದಾಡುವುದು 1887ರ ತೋಟಾವೇ.

ಮ್ಯಾಗ್ನಮ್ ಭಕ್ತರ ಜೊತೆಗೂ ನನಗೆ ಜಗಳ ಇದೆ. ಎಚ್‌ಎಂಆರ್ ಹಿಡಿದು ಇನ್ನೂರು ಗಜಕ್ಕೆ ಹೊಡೆದೆ ಎಂದು ಎದೆ ತಟ್ಟುವವರು ಸಿಗುತ್ತಾರೆ. ಅಷ್ಟು ದೂರದಲ್ಲಿ ಆ ಗುಂಡಿನ ಶಕ್ತಿ 70 ಅಡಿ-ಪೌಂಡ್ ಚಿಲ್ಲರೆಗೆ ಇಳಿದಿರುತ್ತದೆ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಅದನ್ನು ಒಂದಡಿಗೂ ಆಚೆ ತಳ್ಳುತ್ತದೆ. ನೂರು ಗಜದಲ್ಲಿ ತಪ್ಪನ್ನು ಮಾಫಿ ಮಾಡಲಿ ಎಂದು ಕೊಂಡ ಕೋವಿಯನ್ನು ಇನ್ನೂರು ಗಜಕ್ಕೆ ಒಯ್ದು ಹೊಸ ತಪ್ಪು ಮಾಡಿದರೆ ಹಳೆಯ .22ಗೂ ಇದಕ್ಕೂ ಏನು ವ್ಯತ್ಯಾಸ? ಗಾಯದ ಪ್ರಾಣಿಗಂತೂ ಏನೂ ಇಲ್ಲ.

ನಮ್ಮ ರಾಜ್ಯದಲ್ಲಿ ಈ ಚರ್ಚೆಗೆ ಜಾಗವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಲ ಹೊಡೆಯುವುದೂ ಅಪರಾಧ, ಮತ್ತು ಅದು ಹಾಗೇ ಇರಲಿ. ಕೊಡಗಿನ ಕೈಲ್ ಮುಹೂರ್ತದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಿಗೆ ಹಳೆಯ .22 ಧಾರಾಳ ಸಾಕು; ತೆಂಗಿನಕಾಯಿ ಗಾಯಗೊಂಡು ಬಿಲ ಸೇರುವುದಿಲ್ಲ. ಆದರೆ ಅಮೆರಿಕದಲ್ಲಿ ತರಬೇತಿ ಮುಗಿಸಿ, ಲೈಸೆನ್ಸ್ ಪಡೆದು, ಕಿತ್ತಳೆ ಟೋಪಿ ಹಾಕಿಕೊಂಡು ಹೊಲಕ್ಕಿಳಿಯುವ ಕನ್ನಡಿಗರು ಈಗ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅವರು ಕೇಳಿದರೆ ನನ್ನ ಉತ್ತರ ಇಷ್ಟು: ಮರದ ಕೆಳಗೆ ಹಳೆಯದು, ಬಯಲಿಗೆ ಮ್ಯಾಗ್ನಮ್, ನೂರಿಪ್ಪತ್ತೈದು ಗಜದಾಚೆಗೆ ಬರಿಯ ದುರ್ಬೀನು.

ಮತ್ತೆ, ಜೇಬಿನಲ್ಲಿ ಎರಡೂ ತೋಟಾ ಬೆರೆಸಿ ಇಟ್ಟುಕೊಳ್ಳಬೇಡಿ. ಎರಡಕ್ಕೂ .22 ಎಂದೇ ಹೆಸರು, ಲಾಂಗ್ ರೈಫಲ್‌ನದು ಮ್ಯಾಗ್ನಮ್ ಕೋವಿಯೊಳಗೆ ಸಲೀಸಾಗಿ ಜಾರಿ ಕೂರುತ್ತದೆ. ಹೊಡೆದರೆ ಆ ಸಡಿಲ ಜಾಗದಲ್ಲಿ ಹಿತ್ತಾಳೆ ಸೀಳಿ, ಬಿಸಿ ಗಾಳಿ ಹಿಂದಕ್ಕೆ, ಹೊಡೆದವನ ಮುಖದ ಕಡೆಗೆ ಬರುತ್ತದೆ.