ಕಬ್ಬಿನ ಟ್ರೈಲರೂ ಹಿತ್ತಾಳೆಯ ಕಿಲುಬೂ

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಯಾವುದೂ ಹತ್ತೋ ಹಾಗಿಲ್ಲ. ಎಲ್ಲವೂ ಸರ್ವೀಸ್ ರಸ್ತೆಗೆ ಇಳಿದಿವೆ. ಅಂದ್ರೆ, ಬಾಬುರಾಯನಕೊಪ್ಪಲು, ಕಿರಂಗೂರು ಕಡೆಯಿಂದ ಬೈಕಲ್ಲಿ ಕಾಲೇಜಿಗೆ ಬರೋ ನಮ್ಮ ಗೆಳೆಯರೂ, ಪಾಂಡವಪುರಕ್ಕೋ ಮಂಡ್ಯಕ್ಕೋ ಕಬ್ಬು ಹೊತ್ತು ಹೊರಟ ಟ್ರೈಲರೂ ಈಗ ಒಂದೇ ಇಕ್ಕಟ್ಟಿನ ದಾರಿಯ ಪಾಲುದಾರರು. ಕತ್ತಲಾದ ಮೇಲೆ ಆ ಟ್ರೈಲರಿನ ಹಿಂದೆ ದೀಪ ಇಲ್ಲದಿದ್ರೆ ಏನಾಗುತ್ತೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ಇದಕ್ಕೆ ಎಲ್ಲರೂ ಹೇಳೋ ಪರಿಹಾರ ಎರಡು: ದಂಡ ಹಾಕಿ, ಇಲ್ಲಾಂದ್ರೆ ರಿಫ್ಲೆಕ್ಟರ್ ಅಂಟಿಸಿ. ರಿಫ್ಲೆಕ್ಟರ್ ಬೇಕೇ ಬೇಕು, ತಕರಾರಿಲ್ಲ. ಆದ್ರೆ ಬ್ರೇಕ್ ಹಾಕಿದ್ದನ್ನೂ ಬಲಕ್ಕೆ ತಿರುಗೋದನ್ನೂ ಅದು ಹೇಳಲ್ಲ. ಇನ್ನು ದಂಡ. ರೈತರನ್ನ ಕೇಳಿ ನೋಡಿ: "ಬಲ್ಬ್ ಹಾಕುಸ್ದೆ ಕಣಪ್ಪ, ಮೂರೇ ದಿನಕ್ಕೆ ಹೋಯ್ತು" ಅಂತಾರೆ. ಅವರು ಸುಳ್ಳು ಹೇಳ್ತಿಲ್ಲ. ಬಹಳ ಸಲ ಬಲ್ಬ್ ಚೆನ್ನಾಗೇ ಇರುತ್ತೆ, ಕೆಟ್ಟಿರೋದು ಅಲ್ಲಿಗೆ ಕರೆಂಟ್ ಮುಟ್ಟಿಸೋ ಜಾಯಿಂಟು.

ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವೆ ಏಳು ಪಿನ್ನಿನ ಪ್ಲಗ್ ಇರುತ್ತಲ್ಲ, ಅದರ ಪಾಡು ನೋಡಿ. ಲೋಡ್ ಇಳಿಸಿ ಕಿತ್ತರೆ ಕೆಸರಲ್ಲಿ ಎಳೆದಾಡುತ್ತೆ. ಇವತ್ತು ಕಬ್ಬು, ನಾಳೆ ಕೊಟ್ಟಿಗೆ ಗೊಬ್ಬರ, ನಾಡಿದ್ದು ಪೊಟ್ಯಾಷ್ ಚೀಲ. ಪೊಟ್ಯಾಷ್ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಒಂದು ಹನಿ ಮಳೆ ಬಿದ್ರೆ ಅದು ಎಲೆಕ್ಟ್ರೋಲೈಟ್. ಗೊಬ್ಬರದಲ್ಲಿ ಅಮೋನಿಯಾ ಇದೆ. ಹಿತ್ತಾಳೆಗೂ ಅಮೋನಿಯಾಕ್ಕೂ ಆಗಿಬರಲ್ಲ ಅನ್ನೋದು ನಮ್ಮ ದೇಶದಲ್ಲೇ ಗೊತ್ತಾದ ಸಂಗತಿ: ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ಕುದುರೆ ಲಾಯದ ಹತ್ತಿರ ಇಟ್ಟಿದ್ದ ಹಿತ್ತಾಳೆ ತೋಟಾಗಳು ತಾವಾಗೇ ಬಿರುಕು ಬಿಡ್ತಿದ್ವು. ಕಾರಣ ಅಮೋನಿಯಾ ಅಂತ 1921ರಲ್ಲಿ ವಿವರಿಸಿದರು.

ಈಗ ನಮ್ಮ ಪಾಠದ ಲೆಕ್ಕ ಮಾಡೋಣ. 12 ವೋಲ್ಟ್, 21 ವ್ಯಾಟಿನ ಬ್ರೇಕ್ ಬಲ್ಬಿನ ರೆಸಿಸ್ಟೆನ್ಸ್ ಉರಿಯುವಾಗ ಸುಮಾರು 7 ಓಮ್. ಕಿಲುಬು ಹಿಡಿದ ಪಿನ್ನು ಬರೀ 1 ಓಮ್ ಸೇರಿಸಿದ್ರೂ ಬಲ್ಬಿಗೆ ಸಿಗೋದು ಹತ್ತೂವರೆ ವೋಲ್ಟ್. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಇಳಿಯುತ್ತೆ. ಹಾಗಾಗಿ ಬೆಳಕಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಖೋತಾ! ಉಳಿದ ಒಂದೂವರೆ ವೋಲ್ಟು ಪಿನ್ನನ್ನೇ ಬಿಸಿ ಮಾಡಿ ಇನ್ನಷ್ಟು ಕೆಡಿಸುತ್ತೆ. ಅರ್ಥ್ ವೈರ್ ಕೆಟ್ಟರಂತೂ ಕರೆಂಟು ಹುಕ್ಕಿನ ತುಕ್ಕಿನ ಮೂಲಕ ವಾಪಸ್ ಹೋಗಬೇಕು. ಬ್ರೇಕ್ ಒತ್ತಿದ್ರೆ ಇಂಡಿಕೇಟರ್ ಮಂಕಾಗಿ ಉರಿಯೋದು ಇದರಿಂದಲೇ.

ಮದ್ದು ನಮ್ಮ ಅಜ್ಜಿಯರಿಗೇ ಗೊತ್ತಿತ್ತು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸದೆ ಅವರು ಅಡುಗೆ ಮಾಡ್ತಿರಲಿಲ್ಲ. ತವರ ಹಚ್ಚಿದ ವೈರು, ಲಗ್ಗು ಅಂದ್ರೆ ಅದೇ ಕಲಾಯಿ. ತಾಮ್ರದ ಎಳೆ ತಿರುಚಿ ಟೇಪ್ ಸುತ್ತೋದನ್ನ ಬಿಡಬೇಕು. ಟೇಪಿನ ಒಳಗೆ ನೀರು ಎಳೆಗುಂಟ ಏರಿ ವೈರು ಕಪ್ಪಗಾಗುತ್ತೆ. ಕ್ರಿಂಪ್ ಮಾಡಿ, ಒಳಗೆ ಅಂಟು ಇರೋ ಹೀಟ್ ಶ್ರಿಂಕ್ ಸ್ಲೀವ್ ಹಾಕಬೇಕು. ಪಿನ್ನನ್ನ ನುಣುಪಾದ ಉಪ್ಪುಕಾಗದದಲ್ಲಿ ಉಜ್ಜಿ ಸಿಲಿಕೋನ್ ಗ್ರೀಸ್ ಸವರಬೇಕು. ಗ್ರೀಸ್ ಕರೆಂಟ್ ಹರಿಸಲ್ಲ, ನಿಜ. ಆದ್ರೆ ಪಿನ್ನು ಬಿಗಿಯಾಗಿ ಕೂತಾಗ ಲೋಹ ತಾಗೋ ಜಾಗದಿಂದ ಅದು ಪಕ್ಕಕ್ಕೆ ಸರಿಯುತ್ತೆ, ಸುತ್ತ ನಿಂತು ನೀರು ತಡೆಯುತ್ತೆ. ಪ್ಲಗ್ ಕಿತ್ತ ಮೇಲೆ ನೇತುಹಾಕೋಕೆ ಟ್ರೈಲರಿನ ಮೂಕಿಯ ಮೇಲೊಂದು ಕೊಕ್ಕೆ ಬೇಕು. ಹುಣಸೆಹಣ್ಣಲ್ಲಿ ಮಾತ್ರ ತಿಕ್ಕಬೇಡಿ. ಪಾತ್ರೆ ತೊಳೀಬಹುದು, ಸಾಕೆಟ್ ಒಳಗೆ ಉಳಿದ ಹುಳಿ ಮತ್ತೆ ಕಿಲುಬು ತರುತ್ತೆ.

ಇದರಲ್ಲಿ ಎರಡನೇ ಸೆಮಿಸ್ಟರಿಗಿಂತ ಮೇಲಿನ ವಿದ್ಯೆ ಏನಿದೆ ಹೇಳಿ? ನಾವು ಪ್ರಾಜೆಕ್ಟಿಗೆ ತಾನೇ ಓಡೋ ಕಾರು ಮಾಡ್ತೀವಿ. ಮಾಡೋಣ, ಬೇಡ ಅಂದೋರ್ಯಾರು? ಅದರ ಜೊತೆಗೆ ಕಬ್ಬು ಅರೆಯೋ ಹಂಗಾಮಿನಲ್ಲಿ ಒಂದೆರಡು ಭಾನುವಾರ ಕಾರ್ಖಾನೆ ಅಂಗಳಕ್ಕೆ ಹೋಗೋಣ. ಅಲ್ಲಿ ಟ್ರ್ಯಾಕ್ಟರುಗಳು ತೂಕಕ್ಕೆ ಗಂಟೆಗಟ್ಟಲೆ ಸಾಲು ನಿಂತಿರುತ್ತವೆ, ಚಾಲಕರಿಗೂ ಆಗ ಬಿಡುವು. ಒಂದು ಮಲ್ಟಿಮೀಟರ್, ಒಂದು ಕ್ರಿಂಪಿಂಗ್ ಕಟಿಂಗ್ ಪ್ಲೇಯರ್, ಒಂದು ಡಬ್ಬಿ ಗ್ರೀಸ್ ಸಾಕು. ಕಾರ್ಖಾನೆಯವರು ಲಗ್ಗು, ಸ್ಲೀವಿನ ಖರ್ಚು ಕೊಟ್ಟರೆ ಅವರಿಗೇನೂ ಹೊರೆಯಲ್ಲ. ದಂಡದ ಚೀಟಿ ಹಿಡಿದು ಹೋದವರಿಗಿಂತ ಉಪ್ಪುಕಾಗದ ಹಿಡಿದು ಹೋದವರ ಮಾತು ರೈತರು ಬೇಗ ಕೇಳ್ತಾರೆ.

ಬರೋರು ಕನ್ನಡ ಸಂಘದ ಬೋರ್ಡಿನ ಮೇಲೆ ಹೆಸರು ಬರೀರಿ. ಎಲೆಕ್ಟ್ರಿಕಲ್ ಬ್ರಾಂಚೇ ಆಗಬೇಕು ಅಂತೇನಿಲ್ಲ.