ಹಾಡಿನ ಒಡೆತನ ಯಾರದು?

ಕೂಲಿಗಾರನಿಗೆ ಹಾಡಿನ ಪತ್ರಿಕೆಗಳ ಗೊಡವೆ ಏಕೆ, ತುಟ್ಟಿಭತ್ಯದ ವಿಷಯ ಬರೆಯಿರಿ ಎಂದು ಕೆಲವು ಬಂಧುಗಳು ಹೇಳಿಯಾರು. ಆಗಲಿ, ಕೂಲಿಯ ಜಗಳದಿಂದಲೇ ತೊಡಗೋಣ.

ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ ಚಾರ್ಲ್ಸ್‌ಟನ್ ಎಂಬ ಊರು. ಅಲ್ಲಿನ ಚುಟ್ಟಾ ಕಾರ್ಖಾನೆಯ ಕೆಲಸಗಾರರು, ಅವರಲ್ಲಿ ಬಹುಪಾಲು ಕಪ್ಪು ಹೆಂಗಸರು, 1945ರ ಅಕ್ಟೋಬರಿನಲ್ಲಿ ಗಂಟೆಗೆ 25 ಸೆಂಟು ಹೆಚ್ಚು ಕೂಲಿ ಬೇಕೆಂದು ಮುಷ್ಕರ ಹೂಡಿದರು. ಚಳಿಗಾಲವೆಲ್ಲ ಗೇಟಿನ ಮುಂದೆ ನಿಂತರು. ಸಂಜೆ ಪಿಕೆಟಿಂಗ್ ಮುಗಿಯುವಾಗ ಲೂಸಿಲ್ ಸಿಮನ್ಸ್ ಎಂಬಾಕೆ ಒಂದು ಚರ್ಚಿನ ಹಾಡನ್ನು ಬಲು ನಿಧಾನವಾಗಿ ಎತ್ತಿಕೊಳ್ಳುತ್ತಿದ್ದಳು. ಗಾಸ್ಪೆಲ್ ಎಂದು ಕರೆಯುವ ಆ ಭಜನೆಯಲ್ಲಿ 'ನಾನು' ಎಂದಿದ್ದುದು ಗೇಟಿನ ಮುಂದೆ 'ನಾವು' ಎಂದಾಯಿತು. ಅದೇ 'ವಿ ಶಲ್ ಓವರ್‌ಕಮ್'. ಕನ್ನಡದಲ್ಲೂ ಅದನ್ನು ಎಷ್ಟು ಸಭೆಗಳಲ್ಲಿ ಹಾಡಿಲ್ಲ!

ಗೇಟಿನ ಮುಂದೆ ಹುಟ್ಟಿದ ಹಾಡು ಗೇಟಿನ ಮುಂದೆಯೇ ಸಾಯುವುದು ವಾಡಿಕೆ. ಇದು ಬದುಕಿತು. ಟೆನೆಸ್ಸಿಯ ಹೈಲ್ಯಾಂಡರ್ ಎಂಬ ಕಾರ್ಮಿಕ ಶಾಲೆಗೆ ಹೋದ ಮುಷ್ಕರಗಾರರಿಂದ ಜಿಲ್ಫಿಯಾ ಹಾರ್ಟನ್ ಅದನ್ನು ಕಲಿತಳು. ಅವಳಿಂದ ಪೀಟ್ ಸೀಗರ್ ಕಲಿತ. 1948ರಲ್ಲಿ 'ಪೀಪಲ್ಸ್ ಸಾಂಗ್ಸ್' ಎಂಬ ಪುಟ್ಟ ಪತ್ರಿಕೆ ಅದನ್ನು ಅಚ್ಚು ಹಾಕಿತು. ಮರುವರ್ಷವೇ ಆ ಪತ್ರಿಕೆ ದಿವಾಳಿಯೆದ್ದಿತು! ಆದರೆ 1950ರ ಮೇ ತಿಂಗಳಲ್ಲಿ ಅದೇ ಬಳಗ 'ಸಿಂಗ್ ಔಟ್' ಎಂಬ ಇನ್ನೊಂದನ್ನು ಹೊರಡಿಸಿತು. 2014ರವರೆಗೂ ಅದು ಅಚ್ಚಾಗುತ್ತಿತ್ತು.

ನಮಗೆ ಹೆಚ್ಚು ಮೆಚ್ಚುಗೆಯಾದದ್ದು 'ಬ್ರಾಡ್‌ಸೈಡ್'. ಸಿಸ್ ಕನ್ನಿಂಗ್‌ಹ್ಯಾಮ್ ಒಕ್ಲಹೋಮಾದ ರೈತರ ಮಗಳು. ಗಂಡ ಗಾರ್ಡನ್ ಫ್ರೀಸನ್ ಪತ್ರಕರ್ತ. ಕೆಂಪರೆಂಬ ಗುಮಾನಿಗೆ ಸಿಕ್ಕಿ ಕೆಲಸವಿಲ್ಲದೆ ಪಾಡುಪಟ್ಟ ದಂಪತಿಗಳು. ಹಳೆಯ ಅಮೆರಿಕನ್ ಲೇಬರ್ ಪಾರ್ಟಿಯ ಸೈಕ್ಲೋಸ್ಟೈಲ್ ಯಂತ್ರವೊಂದು ಅವರ ಪಾಲಿಗೆ ಬಂತು. 1962ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ತಮ್ಮ ಮನೆಯಲ್ಲೇ ಮೊದಲ ಸಂಚಿಕೆ ತೆಗೆದರು: 300 ಪ್ರತಿ, ಬೆಲೆ 35 ಸೆಂಟು. ಅಂಗಡಿ ನಡೆಸುವ ಮಿತ್ರರು ಲೆಕ್ಕ ಹಾಕಲಿ. ಒಂದೂ ಉಳಿಯದೆ ಮಾರಿದರೂ 105 ಡಾಲರು. ಅದರಲ್ಲೇ ಕಾಗದ, ಮಸಿ, ಅಂಚೆ. ಹುಡುಗರು ಮನೆಗೆ ಬಂದು ಟೇಪಿಗೆ ಹಾಡುತ್ತಿದ್ದರು, ಈಕೆ ಕೇಳಿ ಸ್ವರ ಬರೆದುಕೊಳ್ಳುತ್ತಿದ್ದಳು. ಅದೇ ಮೇ ತಿಂಗಳಲ್ಲಿ ಬಾಬ್ ಡಿಲನ್ ಎಂಬ ಹುಡುಗನ 'ಬ್ಲೋಯಿಂಗ್ ಇನ್ ದಿ ವಿಂಡ್' ಅದರಲ್ಲಿ ಬಂತು. ಅವನ ಕಂಪನಿ ಅದನ್ನು ತಟ್ಟೆಯಾಗಿ ಮಾರಿದ್ದು ಮುಂದಿನ ವರ್ಷ. 1988ರವರೆಗೆ ಈ ಪತ್ರಿಕೆ ಬಾಳಿತು.

ಇಂಥ ಪತ್ರಿಕೆಗಳೆಲ್ಲ ಅಪ್ಪಟ ಬಂಗಾರವೆಂದು ನಾವು ಹೇಳುವುದಿಲ್ಲ. 1964ರಲ್ಲಿ 'ಸಿಂಗ್ ಔಟ್' ಸಂಪಾದಕ ಇರ್ವಿನ್ ಸಿಲ್ಬರ್, ಡಿಲನ್ ತನ್ನೊಳಗೇ ಮುಳುಗಿ ಜನರಿಂದ ದೂರವಾಗುತ್ತಿದ್ದಾನೆಂದು ಬಹಿರಂಗ ಪತ್ರ ಬರೆದು ಗದರಿಸಿದ. ಹಾಡುಗಾರನ ಮೇಲೆ ಅಮಲ್ದಾರಿಕೆ ನಡೆಸುವ ಈ ಚಾಳಿ ನಮ್ಮ ಎಡಪಂಥೀಯರಿಗೂ ಹೊಸದಲ್ಲ. ಆದರೂ ತಟ್ಟೆ ಕಂಪನಿಯ ಜಾಹೀರಾತಿನಿಂದ ಹೊಟ್ಟೆ ಹೊರೆಯುವ ಪತ್ರಿಕೆ, ತಟ್ಟೆ ಕೊಳ್ಳಿರಿ ಎನ್ನುವುದಲ್ಲದೆ ಬೇರೇನು ಹೇಳೀತು? ಆರ್ಥರ್ ಕ್ರಡಪ್ ಎಂಬ ಕಪ್ಪು ಗಾಯಕ 1946ರಲ್ಲಿ ಹಾಡಿದ ಹಾಡನ್ನೇ 1954ರಲ್ಲಿ ಎಲ್ವಿಸ್ ಪ್ರೆಸ್ಲಿ ಹಾಡಿ ಹೆಸರಾದ. ಕ್ರಡಪ್ ಹೊಲದ ಕೂಲಿ ಮಾಡಿದ, ಬರಬೇಕಾದ ಹಣ ಕೈಗೆ ಸೇರದೆಯೇ 1974ರಲ್ಲಿ ತೀರಿಕೊಂಡ. ಇಂಥ ಮುದುಕರ ಬಾಯಿಂದಲೇ ಅವರ ಕಥೆ ಹೇಳಿಸಲು ಷಿಕಾಗೋದಲ್ಲಿ 1970ರಲ್ಲಿ 'ಲಿವಿಂಗ್ ಬ್ಲೂಸ್' ಹುಟ್ಟಬೇಕಾಯಿತು.

ಈಗ ಚುಟ್ಟಾ ಕಾರ್ಖಾನೆಯ ಹಾಡಿಗೆ ಬರೋಣ. 1960ರ ದಶಕದಲ್ಲಿ ಅದರ ಹಕ್ಕು ಸೀಗರ್, ಹಾರ್ಟನ್ ಮೊದಲಾದ ನಾಲ್ವರ ಹೆಸರಿನಲ್ಲಿ ದಾಖಲಾಯಿತು. ಉದ್ದೇಶ ಒಳ್ಳೆಯದೇ, ಬಂದ ಹಣ ದಕ್ಷಿಣದ ಕಪ್ಪು ಜನರ ನಿಧಿಗೆ ಹೋಗುತ್ತಿತ್ತು. ಆದರೆ ಲೂಸಿಲ್ ಸಿಮನ್ಸ್ ಹೆಸರು ಅಲ್ಲಿರಲಿಲ್ಲ, ಹಾಡನ್ನು ಬಳಸಲು ಪ್ರಕಾಶನ ಕಂಪನಿಯ ಅಪ್ಪಣೆ ಬೇಕಾಯಿತು. ಅಪ್ಪಣೆ ಸಿಗದವರು 2016ರಲ್ಲಿ ನ್ಯೂಯಾರ್ಕಿನ ಕೋರ್ಟಿಗೆ ಹೋದರು. ಹಾಡು ಮೊದಲೇ ಜನರದಾಗಿತ್ತು ಎಂಬುದಕ್ಕೆ ಅವರು ತೋರಿಸಿದ್ದು 1948ರ 'ಪೀಪಲ್ಸ್ ಸಾಂಗ್ಸ್' ಪತ್ರಿಕೆಯಲ್ಲಿ ಅಚ್ಚಾದ ಪಾಠವನ್ನು. ಅದಕ್ಕೂ ಹಕ್ಕು ಕೇಳಿದ ಪಾಠಕ್ಕೂ ಒಂದೆರಡು ಪದಗಳ ವ್ಯತ್ಯಾಸ. ಅಷ್ಟಕ್ಕೆ ಮೊದಲ ನುಡಿಯ ಒಡೆತನ ಬಾರದೆಂದು 2017ರಲ್ಲಿ ನ್ಯಾಯಾಧೀಶರು ಹೇಳಿದರು. 2018ರ ಜನವರಿಯಲ್ಲಿ ಕಂಪನಿ ಹಕ್ಕು ಬಿಟ್ಟುಕೊಟ್ಟಿತು.